ನೋವೆನ್ನದ ರೋಗಿ

ಚಿಕ್ಕಂದಿನಲ್ಲಿ ಚುಚ್ಚಿಸಿಕೊಂಡ ಇಂಜೆಕ್ಷನ್ನನ್ನು ಮರೆತವರು ಕಡಿಮೆ. ಅಮ್ಮನ ತೊಡೆಯ ಮೇಲೆ ಬೋರಲು ಮಲಗಿದ್ದು, ಸ್ಪಿರಿಟ್ಟಿನ ತಣ್ಣನೆಯ ಹತ್ತಿ, ‘ಏನೂ ಆಗಲ್ಲ ಪುಟ್ಟಾ, ಇರುವೆ ಕಚ್ಚಿದ ಹಾಗೆ ಅಷ್ಟೆ’ ಎಂಬ ಹಸಿ ಸುಳ್ಳು, ಅತ್ತು ಮುಗಿದ ಮೇಲೆ ಕೈಗೆ ಬಂದ ಪೆಪ್ಪರಮಿಂಟು – ಇವೆಲ್ಲ ತಲೆ ನೆರೆತ ಮೇಲೂ ನೆನಪಿರುತ್ತವೆ. ಆದರೆ ಸೂಜಿಯ ಆಚೆ ಬದಿಯಲ್ಲಿ ನಿಂತಿದ್ದ ನರ್ಸಮ್ಮ ತನ್ನ ಮೊದಲ ಇಂಜೆಕ್ಷನ್ ಅನ್ನು ಯಾರಿಗೆ ಕೊಟ್ಟಿದ್ದಳು ಎಂದು ಕೇಳಿದವರು ಯಾರಾದರೂ ಇದ್ದಾರೆಯೇ? ಅದು ಕೇಳುವ ಸಂಗತಿಯೂ ಅಲ್ಲ ಎನ್ನಿ. ಆಸ್ಪತ್ರೆಗೆ ಹೋದವನಿಗೆ ತನ್ನ ನೋವೇ ತನಗೆ ದೊಡ್ಡದು. ಎದುರಿಗೆ ನಿಂತ ಹತ್ತೊಂಬತ್ತರ ಹುಡುಗಿಯ ಅಂಗೈ ಬೆವರಿರುವುದು ಅವನಿಗೆ ಕಾಣುವುದಿಲ್ಲ.

ಆದರೂ ಯಾವ ಕೆಲಸಕ್ಕೂ ಒಂದು ಮೊದಲ ಸಲ ಎಂಬುದು ಇದ್ದೇ ಇರುತ್ತದೆ. ಮೊದಲ ದೋಸೆ ಕಾವಲಿಗೆ ಅಂಟುತ್ತದೆ. ಅದನ್ನು ಕೆರೆದು ತೆಗೆದು ಎರಡನೆಯದನ್ನು ಹುಯ್ಯುತ್ತಾರೆ. ಮನುಷ್ಯನ ಮೈಯನ್ನು ಹಾಗೆ ಮಾಡಲು ಬರುವುದಿಲ್ಲವಲ್ಲ! ಪೃಷ್ಠಕ್ಕೆ ಕೊಡುವ ಇಂಜೆಕ್ಷನ್ನನ್ನೇ ತೆಗೆದುಕೊಳ್ಳಿ. ನೋಡಲು ಸುಲಭ. ಅಲ್ಲಿರುವಷ್ಟು ಮಾಂಸ ಬೇರೆಲ್ಲೂ ಇಲ್ಲ. ಆದರೆ ಅದೇ ಮಾಂಸದಡಿ ಸಿಯಾಟಿಕ್ ಎಂಬ, ಕಿರುಬೆರಳು ಗಾತ್ರದ ನರವೊಂದು ಕಾಲಿಗೆ ಇಳಿದು ಹೋಗುತ್ತದೆ. ಆದ್ದರಿಂದಲೇ ಪೃಷ್ಠವನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ ಮೇಲಿನ ಹೊರಮೂಲೆಯಲ್ಲಿ ಮಾತ್ರ ಚುಚ್ಚಬೇಕು ಎಂದು ಕಲಿಸುತ್ತಾರೆ. ಸೂಜಿ ಕೆಳಗೆ, ಒಳಗೆ ಸರಿದು ನರಕ್ಕೆ ತಗುಲಿದರೆ ಪಾದ ಜೋಲು ಬೀಳಬಹುದು. ನಾಲ್ಕು ದಿನದ ಜ್ವರಕ್ಕೆಂದು ಬಂದ ಮಗು ಬದುಕಿಡೀ ಕಾಲೆಳೆದುಕೊಂಡು ನಡೆಯಬೇಕಾದೀತು. ಹೊರಮೂಲೆ ಎಲ್ಲಿ ಎಂಬುದು ಪುಸ್ತಕದ ಚಿತ್ರದಲ್ಲಿ ಸ್ಪಷ್ಟವಾಗಿರುತ್ತದೆ. ಕಿರುಚುತ್ತಾ ಕಾಲು ಝಾಡಿಸುವ ಮಗುವಿನ ಮೈಮೇಲೆ ಅಷ್ಟು ಸ್ಪಷ್ಟವಾಗಿರುವುದಿಲ್ಲ.

ಹಾಗಾದರೆ ಕಲಿಯುವವರ ಮೊದಲ ದೋಸೆ ಯಾರ ಮೇಲೆ ಅಂಟುತ್ತಿತ್ತು? ಉತ್ತರ ಎಲ್ಲರಿಗೂ ಗೊತ್ತಿರುವುದೇ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಸ್ಪೆಷಲ್ ವಾರ್ಡಿನ ರೋಗಿಯ ಕೋಣೆಗೆ ಕಲಿಯುವ ಹುಡುಗಿಯನ್ನು ಒಂಟಿಯಾಗಿ ಕಳಿಸುವುದಿಲ್ಲ. ಕಳಿಸಿದರೆ ಅಲ್ಲಿನ ಅಣ್ಣನೋ ಭಾವನೋ ‘ಸೀನಿಯರ್ ಯಾರೂ ಇಲ್ಲವಾ?’ ಎನ್ನುತ್ತಾರೆ. ಜನರಲ್ ವಾರ್ಡಿನಲ್ಲಿ ಆ ಮಾತು ಹೇಳುವವರು ಯಾರು? ದೂರದ ಹಳ್ಳಿಯಿಂದ ಬಂದು, ಹಾಸಿಗೆ ಸಿಕ್ಕಿದ್ದೇ ಪುಣ್ಯವೆಂದು ಮಲಗಿರುವ ಅಜ್ಜಿ, ಮೂರು ಸಲ ಚುಚ್ಚಿದರೂ ರಕ್ತನಾಳ ಸಿಗದಿದ್ದಾಗ, ಕಣ್ಣಲ್ಲಿ ನೀರು ತುಂಬಿಕೊಂಡ ಹುಡುಗಿಯನ್ನು ತಾನೇ ಸಮಾಧಾನ ಮಾಡುತ್ತಾಳೆ: ‘ಇರ್ಲಿ ಬಿಡವ್ವ, ನನ್ ಕೈನಾಗೆ ನರಾನೇ ಇಲ್ಲ.’ ಬಹಳ ಕಾಲ ನಮ್ಮ ಆಸ್ಪತ್ರೆಗಳಲ್ಲಿ ಕಲಿಕೆಯ ಗೊಂಬೆ ಎಂದರೆ ಈ ಅಜ್ಜಿಯೇ. ಆಕೆಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಆಕೆಯೂ ಕೊಡದೆ ಇರಲಿಲ್ಲ.

ವಿಮಾನ ಹಾರಿಸುವುದನ್ನು ಪ್ರಯಾಣಿಕರನ್ನು ಕೂರಿಸಿಕೊಂಡು ಕಲಿಯುವುದಿಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1929ರಲ್ಲೇ, ನೆಲದ ಮೇಲೇ ನಿಂತು ಓಲಾಡುವ ಪೆಟ್ಟಿಗೆಯಂಥ ಪುಟ್ಟ ವಿಮಾನವೊಂದನ್ನು ಮಾಡಿದ. ಆತ ಬೆಳೆದದ್ದು ತಂದೆಯ ಪಿಯಾನೊ-ಆರ್ಗನ್ ಕಾರ್ಖಾನೆಯಲ್ಲಿ. ಗಾಳಿಯ ತಿದಿಗಳ ಮರ್ಮವೆಲ್ಲ ಗೊತ್ತಿತ್ತು. ಎರಡನೆಯ ಮಹಾಯುದ್ಧದ ಎಷ್ಟೋ ಪೈಲಟ್ಟುಗಳು ಮೊದಲು ಹಾರಿದ್ದು ನೆಲಬಿಡದ ಆ ಪೆಟ್ಟಿಗೆಯಲ್ಲೇ. ಆಸ್ಪತ್ರೆಗೆ ಈ ಬುದ್ಧಿ ಬರಲು ಇಷ್ಟು ತಡವೇಕಾಯಿತು ಎಂದು ಯಾರಾದರೂ ಕೇಳಬಹುದು. ವಿಮಾನ ಬಿದ್ದರೆ ಪೈಲಟ್ಟೂ ಬೀಳುತ್ತಾನೆ ಎಂಬುದು ಒಂದು ಕಾರಣವಿರಬಹುದೇನೋ!

ಹಾಗೆಂದು ಈ ಬುದ್ಧಿ ಹೊಸದೇನೂ ಅಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದ ಹೆಸರೇ ‘ಯೋಗ್ಯಾಸೂತ್ರೀಯ’. ಅಂದರೆ ಕೈಯನ್ನು ಕೆಲಸಕ್ಕೆ ಯೋಗ್ಯವಾಗಿಸುವ ಪಾಠ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ್ದರೂ ಅಭ್ಯಾಸ ಮಾಡದವನು ಕೆಲಸಕ್ಕೆ ಬಾರದವನು ಎಂದು ಅಲ್ಲಿ ಖಂಡಿತವಾಗಿ ಹೇಳಿದೆ. ಆಮೇಲೆ ಬರುವ ಪಟ್ಟಿಯನ್ನು ನೋಡಿದರೆ ಸಂತೆಗೆ ಹೋದಂತಾಗುತ್ತದೆ. ಕೊಯ್ಯುವುದನ್ನು ಕಲಿಯಲು ಕುಂಬಳಕಾಯಿ, ಸೋರೆಕಾಯಿ, ಕಲ್ಲಂಗಡಿ, ಸೌತೆಕಾಯಿ. ಒಳಹೊಕ್ಕ ವಸ್ತುವನ್ನು ಕೀಳುವುದನ್ನು ಕಲಿಯಲು ಹಲಸಿನ ತೊಳೆಯ ಬೀಜ, ಬಿಲ್ವದ ತಿರುಳು. ರಕ್ತನಾಳ ಚುಚ್ಚುವುದನ್ನು ಕಲಿಯಲು ಸತ್ತ ಪ್ರಾಣಿಯ ನರ ಇಲ್ಲವೆ ನೈದಿಲೆಯ ದಂಟು. ಹೊಲಿಗೆಗೆ ದಪ್ಪ ಬಟ್ಟೆ ಮತ್ತು ಮೆದು ಚರ್ಮ. ಎನಿಮಾ ಕೊಡುವುದಕ್ಕೆ ನೀರು ತುಂಬಿದ ಕೊಡ. ಪಟ್ಟಿ ಕಟ್ಟುವುದನ್ನು ಕಲಿಯಲು ಸುಶ್ರುತ ಹೇಳುವುದೇನು ಗೊತ್ತೆ? ‘ಪುಸ್ತಮಯ ಪುರುಷ’ – ಅಂಗಾಂಗಗಳೆಲ್ಲ ಇರುವ ಆಳೆತ್ತರದ ಗೊಂಬೆ! ಇವತ್ತಿಗೂ ನರ್ಸಿಂಗ್ ಹುಡುಗಿಯರು ಇಂಜೆಕ್ಷನ್ ಕಲಿಯಲು ಕಿತ್ತಳೆ ಹಣ್ಣಿಗೆ ನೀರು ಚುಚ್ಚುತ್ತಾರೆ. ಸುಶ್ರುತನ ಸಂತೆ ಇನ್ನೂ ಪೂರ್ತಿ ಕಳೆದಿಲ್ಲ.

ನಡುವೆ ಎಷ್ಟೋ ಶತಮಾನ ದಾಟಿ ಫ್ರಾನ್ಸಿಗೆ ಬಂದರೆ ಅಲ್ಲೊಬ್ಬಳು ಗಟ್ಟಿಗಿತ್ತಿ ಸಿಗುತ್ತಾಳೆ. ಆಂಜೆಲಿಕ್ ದು ಕುದ್ರೆ, ಸೂಲಗಿತ್ತಿ. ಹಳ್ಳಿಗಳಲ್ಲಿ ಹೆರಿಗೆಯ ಹೊತ್ತಿಗೆ ಸಾಯುವ ತಾಯಿ-ಮಕ್ಕಳನ್ನು ಉಳಿಸಬೇಕೆಂದು ಹದಿನೈದನೆಯ ಲೂಯಿ ದೊರೆ 1759ರಲ್ಲಿ ಆಕೆಗೆ ಅಪ್ಪಣೆ ಕೊಟ್ಟ. ಆಕೆ ಊರೂರು ತಿರುಗಿದಳು. ಒಂದೆರಡು ವರ್ಷವಲ್ಲ, ಇಪ್ಪತ್ತು ವರ್ಷಕ್ಕೂ ಹೆಚ್ಚು. ಜೊತೆಯಲ್ಲಿ ಒಯ್ಯುತ್ತಿದ್ದುದು ತಾನೇ ರೂಪಿಸಿದ ಬಟ್ಟೆ-ತೊಗಲಿನ ‘ಯಂತ್ರ’: ತುಂಬು ಹೆಂಗಸಿನ ಸೊಂಟ, ತೊಡೆ, ಗರ್ಭ, ಒಳಗೊಂದು ಬಟ್ಟೆಯ ಮಗು. ದಾರ, ಪಟ್ಟಿಗಳನ್ನು ಎಳೆದರೆ ಹೆರಿಗೆಯ ದಾರಿ ಹಿಗ್ಗಿ ಕುಗ್ಗುತ್ತಿತ್ತು. ಅಕ್ಷರ ಬಾರದ ಸಾವಿರಾರು ಹಳ್ಳಿ ಹೆಂಗಸರು, ಮಗು ಅಡ್ಡ ತಿರುಗಿದರೆ ಕೈ ಎಲ್ಲಿ ಹೋಗಬೇಕು ಎಂಬುದನ್ನು ಆ ಬಟ್ಟೆಯ ಬಸಿರಿನಲ್ಲಿ ಕಲಿತರು. ಅಂಥ ಒಂದು ಯಂತ್ರ ರುವಾಂ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಉಳಿದುಕೊಂಡಿದೆ. ಗಮನಿಸಬೇಕಾದದ್ದು ಇಷ್ಟು: ಓದು ಬರದವರಿಗೂ ಕಲಿಸಬಲ್ಲ ಪುಸ್ತಕವದು.

ನರ್ಸಿಂಗ್ ಶಾಲೆಗೇ ಎಂದು ಗೊಂಬೆ ಬಂದದ್ದು 1911ರಲ್ಲಿ. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಯ ಮುಖ್ಯಸ್ಥೆ ಲಾಡರ್ ಸದರ್‌ಲೆಂಡ್, ಮಾರ್ತಾ ಚೇಸ್ ಎಂಬಾಕೆಯನ್ನು ಕೇಳಿಕೊಂಡರು. ಮಾರ್ತಾ ಮಕ್ಕಳಿಗಾಗಿ ಬಟ್ಟೆಯ ಗೊಂಬೆ ಮಾಡಿ ಹೆಸರಾಗಿದ್ದವರು. ‘ಆಳೆತ್ತರದ್ದೊಂದು ಮಾಡಿಕೊಡಿ, ನಮ್ಮ ಹುಡುಗಿಯರು ಹೊರಳಿಸಲು, ಎತ್ತಲು, ಬಟ್ಟೆ ತೊಡಿಸಲು ಕಲಿಯಬೇಕು’ ಎಂಬುದು ಬೇಡಿಕೆ. ಐದಡಿ ನಾಲ್ಕಂಗುಲದ ಆ ಗೊಂಬೆಗೆ ಹುಡುಗಿಯರು ‘ಮಿಸೆಸ್ ಚೇಸ್’ ಎಂದು ಹೆಸರಿಟ್ಟರು. 1914ರ ಹೊಸ ಅವತಾರದಲ್ಲಿ ತೋಳಿಗೆ ಇಂಜೆಕ್ಷನ್ ಚುಚ್ಚಲು ಜಾಗ ಬಂತು, ಎನಿಮಾ ಮತ್ತು ಕೆಥೀಟರ್ ಹಾಕಲು ಹೊಟ್ಟೆಯೊಳಗೊಂದು ತೊಟ್ಟಿ ಬಂತು. ಮುಂದೆ ಎಷ್ಟೋ ದೇಶಗಳ ನರ್ಸಿಂಗ್ ಶಾಲೆಗಳಲ್ಲಿ ಮಿಸೆಸ್ ಚೇಸ್ ಸಾವಿರಾರು ಬಾರಿ ಮಿಂದಳು, ಉಂಡಳು, ಹಾಸಿಗೆ ಬದಲಿಸಿಕೊಂಡಳು. ಒಮ್ಮೆಯೂ ಮುಖ ಸಿಂಡರಿಸಲಿಲ್ಲ.

ಮುಂದಿನ ದೊಡ್ಡ ಗೊಂಬೆಯೂ ಆಟಿಕೆಯವರ ಮನೆಯದೇ. ನಾರ್ವೆಯ ಓಸ್ಮುಂಡ್ ಲೇರ್ದಾಲ್ ಆಟಿಕೆ ತಯಾರಕ. ನೀರಿಗೆ ಬಿದ್ದು ಉಸಿರುಕಟ್ಟಿದ್ದ ತನ್ನ ಪುಟ್ಟ ಮಗನನ್ನು ಮೇಲೆತ್ತಿ ಉಳಿಸಿಕೊಂಡ ತಂದೆ. ಬಾಯಿಗೆ ಬಾಯಿಟ್ಟು ಉಸಿರು ಕೊಡುವ ಕ್ರಮವನ್ನು ಪೀಟರ್ ಸಫಾರ್ ಮೊದಲಾದ ವೈದ್ಯರು ಆಗಷ್ಟೇ ಸಾಬೀತು ಮಾಡಿದ್ದರು. ಜನರಿಗೆ ಅದನ್ನು ಕಲಿಸಲು 1960ರಲ್ಲಿ ಲೇರ್ದಾಲ್ ಮೆದು ಪ್ಲಾಸ್ಟಿಕ್ಕಿನ ಗೊಂಬೆಯನ್ನು ತಂದರು. ಅದಕ್ಕೆ ಕೊಟ್ಟ ಮುಖ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕಿದಳೆಂದು ಕಥೆಯಿರುವ ಅನಾಮಿಕ ಹುಡುಗಿಯ ಮುಖವಾಡದ್ದು. ಕಥೆ ನಿಜವೇ ಎಂಬ ಬಗ್ಗೆ ಅನುಮಾನಗಳಿವೆ. ಮುಖದ ಮಂದಹಾಸವಂತೂ ನಿಜ. ‘ಆನ್’ ಎಂಬ ಹೆಸರಿನ ಈ ಗೊಂಬೆಯ ಎದೆ ಒತ್ತಿದವರಿಗೆ ಲೆಕ್ಕವಿಲ್ಲ. ಐದು ಸೆಂಟಿಮೀಟರಿಗೆ ಕಡಿಮೆಯಿಲ್ಲದಷ್ಟು ಆಳ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಎಂಬುದು ಈಗಿನ ನಿಯಮ. ಓದಿದರೆ ಒಂದು ಸಾಲು. ಎರಡು ನಿಮಿಷ ಒತ್ತಿ ನೋಡಿದವರಿಗೆ ಬೆನ್ನು ಹೇಳುತ್ತದೆ ಅದರ ಅರ್ಥ.

ಈಗಿನ ಗೊಂಬೆಗಳ ಮಾತೇ ಬೇರೆ. ಎದೆ ಏರಿಳಿಯುತ್ತದೆ, ನಾಡಿ ಮಿಡಿಯುತ್ತದೆ, ಕಣ್ಣಪಾಪೆ ಕಿರಿದಾಗುತ್ತದೆ. ಕೆಲವು ಬೆವರುತ್ತವೆ ಕೂಡ. ಭಾರತೀಯ ನರ್ಸಿಂಗ್ ಪರಿಷತ್ತಿನ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮ 2021ರಲ್ಲಿ ಪರಿಷ್ಕಾರಗೊಂಡು ಸೆಮಿಸ್ಟರ್ ಪದ್ಧತಿಗೆ ಬಂದಾಗ ಸಿಮ್ಯುಲೇಷನ್ ಎಂಬ ಅಣಕು ತರಬೇತಿಯೂ ಅದರೊಳಗೆ ಬಂದು ಕುಳಿತಿತು. ‘ಅಣಕು’ ಎಂದರೆ ಗೇಲಿಯ ವಾಸನೆ ಬರುತ್ತದೆ. ಆದರೆ ಒಳಗೆ ನಡೆಯುವುದು ಗೇಲಿಯಲ್ಲ.

ಒಂದು ಪಾಠ ಹೀಗಿರುತ್ತದೆ. ವಾರ್ಡಿನಂತೆಯೇ ಸಜ್ಜಾದ ಕೋಣೆ. ಹಾಸಿಗೆಯಲ್ಲಿ ಗೊಂಬೆ. ಒಳಗೆ ಮೂವರು ಹುಡುಗಿಯರು. ಗಾಜಿನ ಆಚೆ ಮೈಕು ಹಿಡಿದ ಸಿಸ್ಟರ್ ಟ್ಯೂಟರ್. ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟಾಯಿತು. ‘ಸಿಸ್ಟರ್, ಯಾಕೋ ಮೈಯೆಲ್ಲ ಕಡೀತಿದೆ’ ಎನ್ನುತ್ತದೆ ಗೊಂಬೆ. ಒಬ್ಬಳು ಚಾರ್ಟು ಬರೆಯುತ್ತಿದ್ದಾಳೆ, ತಲೆಯೆತ್ತುವುದಿಲ್ಲ. ‘ಸಿಸ್ಟರ್, ಗಂಟಲು ಬಿಗಿಯಾಯ್ತು...’ ಮಾನಿಟರಿನಲ್ಲಿ ರಕ್ತದೊತ್ತಡ ಕುಸಿಯುತ್ತಿದೆ. ಎರಡನೆಯವಳು ಆಕ್ಸಿಜನ್ ಮಾಸ್ಕು ಹುಡುಕುತ್ತಾಳೆ. ಮೂರನೆಯವಳಿಗೆ ಅಡ್ರಿನಲಿನ್ ನೆನಪಾಗುತ್ತದೆ. ಆದರೆ ಎಷ್ಟು, ಎಲ್ಲಿಗೆ? ತೊಡೆಯ ಹೊರಬದಿಯ ಮಾಂಸಕ್ಕೆ ಅರ್ಧ ಮಿಲಿಗ್ರಾಂ ಎಂದು ನಿನ್ನೆಯ ಪರೀಕ್ಷೆಯಲ್ಲಿ ಮೂವರೂ ತಪ್ಪಿಲ್ಲದೆ ಬರೆದಿದ್ದರು. ಈಗ ಎಮರ್ಜೆನ್ಸಿ ಟ್ರಾಲಿಯ ಯಾವ ಡ್ರಾಯರಿನಲ್ಲಿ ಆ ಆಂಪ್ಯೂಲ್ ಇದೆ ಎಂಬುದೇ ಯಾರಿಗೂ ಗೊತ್ತಿಲ್ಲ. ಡಾಕ್ಟರನ್ನು ಕರೆಯಬೇಕು ಎಂದು ಮೂವರಿಗೂ ಅನಿಸಿದೆ. ಕರೆದದ್ದು ಯಾರೂ ಇಲ್ಲ. ಆಂಪ್ಯೂಲ್ ಕತ್ತು ಮುರಿಯುವ ಹೊತ್ತಿಗೆ ಗೊಂಬೆ ಮಾತು ನಿಲ್ಲಿಸಿದೆ.

ಅದು ಸತ್ತರೆ ಬಟನ್ ಒತ್ತಿ ಬದುಕಿಸಬಹುದು. ಇಡೀ ವಿದ್ಯೆಯ ತಿರುಳು ಇಷ್ಟೇ.

ಅಲ್ಲ, ಇನ್ನೂ ಒಂದಿದೆ. ನಾಟಕ ಮುಗಿದ ಮೇಲೆ ಎಲ್ಲರೂ ಸುತ್ತ ಕೂರುತ್ತಾರೆ. ಇದಕ್ಕೆ ಡಿಬ್ರೀಫಿಂಗ್ ಎನ್ನುತ್ತಾರೆ. ಬಲ್ಲವರ ಪ್ರಕಾರ ಗೊಂಬೆಯ ಮುಂದೆ ಕಳೆದ ಹತ್ತು ನಿಮಿಷಕ್ಕಿಂತ ಈ ಅರ್ಧ ಗಂಟೆಯೇ ಹೆಚ್ಚು ಬೆಲೆಯುಳ್ಳದ್ದು. ಇಲ್ಲಿ ಟ್ಯೂಟರ್ ಬೈಯುವಂತಿಲ್ಲ. ‘ಕಡೀತಿದೆ ಅಂದಾಗ ನಿನಗೆ ಏನನ್ನಿಸಿತಮ್ಮಾ?’ ಎಂದು ಕೇಳಬೇಕು. ನಮ್ಮ ಪದ್ಧತಿಗೆ ಇದು ಅಷ್ಟು ಸಲೀಸಾಗಿ ಒಗ್ಗುವುದಿಲ್ಲ. ವಾರ್ಡಿನಲ್ಲಿ ಹತ್ತು ಜನರ ಎದುರು, ರೋಗಿಯ ಎದುರೂ ಬೈಸಿಕೊಂಡೇ ಕಲಿತು ಸಿಸ್ಟರ್ ಆದವರು, ಹಾಗೆಯೇ ಕಲಿಸಬೇಕೆಂದು ನಂಬಿದವರು ಬಹಳ. ಬೈಗುಳಕ್ಕೆ ಹೆದರಿದ ಹುಡುಗಿ ಮುಂದೆ ತಪ್ಪು ಮಾಡದೆ ಇರುವುದಿಲ್ಲ. ಆದ ತಪ್ಪನ್ನು ಹೇಳದೆ ಇರುತ್ತಾಳೆ. ಔಷಧದ ಡೋಸು ಎರಡು ಸಲ ಹೋಯಿತೆಂದು ರಾತ್ರಿ ಪಾಳಿಯಲ್ಲಿ ಒಬ್ಬಳು ಬಾಯಿಬಿಟ್ಟು ಹೇಳುವುದಕ್ಕೂ ಹೇಳದಿರುವುದಕ್ಕೂ ನಡುವೆ ಒಂದು ಜೀವ ಇರುತ್ತದೆ.

ಗೊಂಬೆಯ ಇನ್ನೊಂದು ಉಪಕಾರ ಕಣ್ಣಿಗೆ ಬೀಳುವುದು ಕಡಿಮೆ. ನಾಲ್ಕು ವರ್ಷ ಓದಿದರೂ ಒಬ್ಬ ವಿದ್ಯಾರ್ಥಿನಿ ಹೃದಯ ನಿಂತ ರೋಗಿಯನ್ನು ಮುಟ್ಟದೆಯೇ ಪದವಿ ಪಡೆಯಬಹುದು. ಅಂಥ ಗಳಿಗೆ ಬಂದಾಗ ವಾರ್ಡಿನಲ್ಲಿ ಮೊದಲು ಕೇಳುವ ಮಾತೇ ‘ಸ್ಟೂಡೆಂಟ್ಸ್ ಎಲ್ಲ ಆಚೆ ಸರೀರಿ’. ಸರಿಯೇ, ಸರಿಯಬೇಕಾದ್ದೇ. ಆದರೆ ಆರು ತಿಂಗಳ ನಂತರ ಊರಾಚೆಯ ನರ್ಸಿಂಗ್ ಹೋಮಿನ ರಾತ್ರಿ ಪಾಳಿಯಲ್ಲಿ ಆಕೆಯೊಬ್ಬಳೇ ಇದ್ದಾಗ ಸರಿಯಲು ಜಾಗ ಇರುವುದಿಲ್ಲ. ಅಪರೂಪದ್ದನ್ನು ವೇಳಾಪಟ್ಟಿ ಹಾಕಿ ಕರೆಸಲು ಗೊಂಬೆಗೆ ಮಾತ್ರ ಸಾಧ್ಯ: ಸೋಮವಾರ ಬೆಳಿಗ್ಗೆ ಹೃದಯಸ್ತಂಭನ, ಮಂಗಳವಾರ ಹೆರಿಗೆಯ ನಂತರದ ರಕ್ತಸ್ರಾವ.

ಹಾಗಾದರೆ ಗೊಂಬೆಯೊಂದೇ ಸಾಕೆ? ಸಾಲದು. ಗೊಂಬೆಯ ಚರ್ಮ ಈರುಳ್ಳಿ ಸಿಪ್ಪೆಯಂತೆ ಸುಲಿಯುವುದಿಲ್ಲ. ಎಂಬತ್ತರ ಅಜ್ಜಿಯ ಚರ್ಮ ಪ್ಲಾಸ್ಟರ್ ಕಿತ್ತರೆ ಜೊತೆಗೇ ಬರುತ್ತದೆ. ಗೊಂಬೆಯ ರಕ್ತನಾಳ ಸೂಜಿಯ ಮುಂದೆ ಜಾರಿ ಪಕ್ಕಕ್ಕೆ ಹೊರಳುವುದಿಲ್ಲ. ಗೊಂಬೆಗೆ ವಾಸನೆಯಿಲ್ಲ. ಮಲ ಬದಲಿಸುವಾಗ ಮುಖದ ಮೇಲೆ ಏನೂ ತೋರಿಸದಿರುವುದು ಎಂಥ ದೊಡ್ಡ ವಿದ್ಯೆ ಎಂಬುದನ್ನು ಅದು ಕಲಿಸಲಾರದು. ಗೊಂಬೆಗೆ ನಾಚಿಕೆಯೂ ಇಲ್ಲ. ಹೊದಿಕೆ ಎಳೆದರೆ ಸೆರಗು ಹಿಡಿದುಕೊಳ್ಳುವುದಿಲ್ಲ. ಪರದೆ ಎಳೆಯುವುದನ್ನು ಮರೆತ ಹುಡುಗಿಗೆ ಅದರ ಕಣ್ಣಲ್ಲಿ ಏನೂ ಕಾಣುವುದಿಲ್ಲ. ಇನ್ನು ಭಾಷೆ. ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದು ಓದುವವರು ಎಷ್ಟೋ ಜನ. ಅವರ ಕೈ ಎಷ್ಟೇ ನಯವಾಗಿರಲಿ, ‘ಎಲ್ಲಿ ನೋಯ್ತದೆ ಅಜ್ಜಾ?’ ಎಂಬ ಮೂರು ಮಾತು ಬಾರದೆ ವಾರ್ಡಿನಲ್ಲಿ ಹೆಜ್ಜೆ ಮುಂದೆ ಹೋಗದು. ‘ಹೊಟ್ಟೆ ಉರಿ’ ಬೇರೆ, ‘ಎದೆ ಉರಿ’ ಬೇರೆ, ‘ಒಂಥರಾ ಆಗ್ತದೆ’ ಎಂಬುದು ಇನ್ನೂ ಬೇರೆ. ಈ ‘ಒಂಥರಾ’ ಯಾವ ಗೊಂಬೆಗೂ ಆಗುವುದಿಲ್ಲ.

ಇದಕ್ಕೂ ದಾರಿ ಹುಡುಕಿದವರಿದ್ದಾರೆ. 1963ರಲ್ಲೇ ಲಾಸ್ ಏಂಜಲೀಸಿನಲ್ಲಿ ಹವರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞ, ಆರೋಗ್ಯವಂತರಿಗೆ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದ. ಆಗ ನಕ್ಕವರೇ ಹೆಚ್ಚು. ಈಗ ವೈದ್ಯಕೀಯ ಶಿಕ್ಷಣದಲ್ಲಿ ಅದು ಒಪ್ಪಿತ ಕ್ರಮ. ನಮ್ಮಲ್ಲಿ ಕಂಪನಿ ನಾಟಕಗಳಲ್ಲಿ ನುರಿತ ಕಲಾವಿದರಿದ್ದಾರೆ. ಕಣ್ಣೀರು, ಕೆಮ್ಮು, ಜಗಳಗಂಟ ಅತ್ತೆ, ಕುಡಿದು ಬಂದ ಗಂಡ – ಎಲ್ಲವನ್ನೂ ಕ್ಷಣದಲ್ಲಿ ತಂದುಕೊಡಬಲ್ಲವರು. ನರ್ಸಿಂಗ್ ಕಾಲೇಜುಗಳು ಅವರನ್ನು ಕರೆಯಬಾರದೇಕೆ? ಸದ್ಯಕ್ಕಂತೂ ಸಹಪಾಠಿಯೇ ಹಾಸಿಗೆಯಲ್ಲಿ ಮಲಗಿ ರೋಗಿಯಾಗುತ್ತಾಳೆ, ನಗು ತಡೆಯಲಾರದೆ ಹೊದಿಕೆಯನ್ನು ಮುಖಕ್ಕೆ ಎಳೆದುಕೊಳ್ಳುತ್ತಾಳೆ.

ಗೊಂಬೆಗೆ ಎಷ್ಟು ಪಾಲು, ರೋಗಿಗೆ ಎಷ್ಟು ಪಾಲು ಎಂಬ ಲೆಕ್ಕವನ್ನೂ ಹಾಕಿ ನೋಡಿದ್ದಾರೆ. ಅಮೆರಿಕದ ಹತ್ತು ನರ್ಸಿಂಗ್ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ವಾರ್ಡಿನ ತರಬೇತಿಯ ಅರ್ಧದಷ್ಟನ್ನು ಸಿಮ್ಯುಲೇಷನ್ನಿಗೆ ಬಿಟ್ಟುಕೊಟ್ಟರೂ ಕಲಿಕೆಯಲ್ಲಾಗಲಿ, ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕೊನೆಯವರೆಗೂ ಉಳಿದವರು 666 ವಿದ್ಯಾರ್ಥಿಗಳು. ಆದರೆ ಅಲ್ಲಿನ ಷರತ್ತುಗಳನ್ನೂ ಓದಿಕೊಳ್ಳಬೇಕು. ತರಬೇತಾದ ಬೋಧಕರಿದ್ದರು. ಪ್ರತಿಯೊಂದು ಅಣಕಿನ ನಂತರ ಕ್ರಮವಾಗಿ ಡಿಬ್ರೀಫಿಂಗ್ ನಡೆಯುತ್ತಿತ್ತು. ‘ಅರ್ಧ ಸಾಕಂತೆ’ ಎಂಬುದನ್ನು ಮಾತ್ರ ಹಿಡಿದುಕೊಂಡರೆ, ಸ್ವಂತ ಆಸ್ಪತ್ರೆಯಿಲ್ಲದ ಕಾಲೇಜಿಗೆ ಅದೊಂದು ಒಳ್ಳೆಯ ನೆಪವಾದೀತು.

ದುಬಾರಿ ಗೊಂಬೆಗಳ ಮಾತಾಯಿತು. ಈಗ ಒಂದು ಅಗ್ಗದ ಗೊಂಬೆಯ ಮಾತು, ನಮ್ಮ ಬೆಳಗಾವಿಯದು.

ಹುಟ್ಟಿದ ಮಗು ಅಳಬೇಕು. ಅಳದ ಮಗುವನ್ನು ಒರೆಸಿ, ಬೆನ್ನು ಸವರಿ, ಆಗಲೂ ಉಸಿರಾಡದಿದ್ದರೆ ಮೊದಲ ನಿಮಿಷದೊಳಗೆ ಚೀಲ-ಮಾಸ್ಕಿನಿಂದ ಉಸಿರು ಕೊಡಬೇಕು. ಇದನ್ನು ‘ಬಂಗಾರದ ನಿಮಿಷ’ ಎನ್ನುತ್ತಾರೆ. ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ಈ ತರಬೇತಿ 2010ರಲ್ಲಿ ಶುರುವಾಯಿತು. ಅದಕ್ಕಾಗಿಯೇ ಮಾಡಿದ ಗೊಂಬೆಯಲ್ಲಿ ಕರೆಂಟೂ ಇಲ್ಲ, ಕಂಪ್ಯೂಟರೂ ಇಲ್ಲ. ಮಡಿಚಿ ಚೀಲದಲ್ಲಿಡಬಹುದು. ಎರಡು ಲೀಟರ್ ಉಗುರುಬೆಚ್ಚಗಿನ ನೀರು ತುಂಬಿದರೆ ಕೈಯಲ್ಲಿ ಥೇಟ್ ಎಳೆಗೂಸು. ಕತ್ತು ಹಾಗೆಯೇ ವಾಲುತ್ತದೆ. ಪುಟ್ಟ ರಬ್ಬರ್ ಬುರುಡೆಗಳನ್ನು ಒತ್ತಿದರೆ ಅಳುತ್ತದೆ, ಉಸಿರಾಡುತ್ತದೆ, ಹೊಕ್ಕುಳಬಳ್ಳಿ ಮಿಡಿಯುತ್ತದೆ. ಒತ್ತದಿದ್ದರೆ ಸುಮ್ಮನಿರುತ್ತದೆ. ಹೆಚ್ಚಾಗಿ ಒತ್ತುವುದೇ ಇಲ್ಲ, ಪಾಠ ಇರುವುದೇ ಆ ಸುಮ್ಮನಿರುವುದರಲ್ಲಿ.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಸುತ್ತಲಿನ ಆರೋಗ್ಯ ಕೇಂದ್ರ, ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುವ 599 ಮಂದಿಗೆ ಈ ತರಬೇತಿ ಕೊಟ್ಟು, ಮೊದಲಿನ ಮತ್ತು ನಂತರದ ಸಾವಿರಾರು ಹೆರಿಗೆಗಳನ್ನು ಲೆಕ್ಕ ಹಾಕಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ‘ಸತ್ತೇ ಹುಟ್ಟಿತು’ ಎಂದು ಬರೆಸಿಕೊಂಡ ಮಕ್ಕಳ ಪ್ರಮಾಣ ನೂರಕ್ಕೆ 3.0ರಿಂದ 2.3ಕ್ಕೆ ಇಳಿದಿತ್ತು. ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹೆರಿಗೆಯಾದ ಮೇಲೆ ಶುರುವಾಗುವ ಆರೈಕೆಯಿಂದ, ಹೊಟ್ಟೆಯಲ್ಲೇ ಸತ್ತ ಮಗು ಬದುಕಲಾರದು. ಹಾಗಿದ್ದೂ ಸತ್ತು ಹುಟ್ಟುವವರ ಸಂಖ್ಯೆ ಇಳಿಯಿತೆಂದರೆ? ಸತ್ತವೆಂದು ಬಟ್ಟೆ ಸುತ್ತಿ ಪಕ್ಕಕ್ಕಿಡುತ್ತಿದ್ದ ಕೂಸುಗಳಲ್ಲಿ ಕೆಲವು ಸತ್ತಿರಲಿಲ್ಲ. ಅಳದೆ, ನೀಲಿಗಟ್ಟಿ, ಮೆತ್ತಗೆ ಬಿದ್ದಿದ್ದವು ಅಷ್ಟೆ. ಒಂದು ನಿಮಿಷ ಯಾರಾದರೂ ಉಸಿರು ಕೊಟ್ಟಿದ್ದರೆ ಅತ್ತಿರುತ್ತಿದ್ದವು. ಹಿಂದೆ ಎಷ್ಟು ಊರುಗಳಲ್ಲಿ, ಎಷ್ಟು ಮನೆಗಳಲ್ಲಿ, ಎಷ್ಟು ತಾಯಂದಿರಿಗೆ ‘ಪುಣ್ಯ ಇರಲಿಲ್ಲ ಬಿಡು’ ಎಂದು ಹೇಳಿದರೋ...

ಪವಾಡವೆಂದು ಹೊಗಳುವ ಮುನ್ನ ಇನ್ನೆರಡು ಸಂಗತಿ. ಅದೇ ಅಧ್ಯಯನದಲ್ಲಿ ನವಜಾತ ಶಿಶುಗಳ ಮರಣ ಪ್ರಮಾಣ ಬದಲಾಗಲಿಲ್ಲ. ಬೆಳಗಾವಿ, ನಾಗಪುರ ಮತ್ತು ಕೀನ್ಯಾಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಅಧ್ಯಯನದಲ್ಲಿ ಒಟ್ಟಾರೆ ಇಳಿಕೆ ಕಾಣಲಿಲ್ಲ. ಎಲ್ಲಿ ತಪ್ಪುತ್ತದೆ? ಆಫ್ರಿಕಾದ ತಾಂಜಾನಿಯಾದಲ್ಲಿ ಹೈಡೊಮ್ ಎಂಬ ಹಳ್ಳಿಗಾಡಿನ ಆಸ್ಪತ್ರೆಯಿದೆ. ಅಲ್ಲಿನವರಿಗೆ ಒಂದು ದಿನದ ತರಬೇತಿ ಕೊಟ್ಟು ಏಳು ತಿಂಗಳ ನಂತರ ನೋಡಿದರೆ, ಗೊಂಬೆಯ ಮುಂದೆ ಎಲ್ಲರೂ ಚೆನ್ನಾಗಿಯೇ ಮಾಡಿದರು. ಹೆರಿಗೆ ಕೋಣೆಯಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ! ನಿಜವಾದ ಕೂಸು ಅಳದೆ ಮಲಗಿದಾಗ ಕೈಗಳು ಹಳೆಯ ದಾರಿಯನ್ನೇ ಹಿಡಿದಿದ್ದವು. ಆಗ ಅವರು ಕ್ರಮ ಬದಲಿಸಿದರು. ಗೊಂಬೆಯನ್ನು ಹೆರಿಗೆ ವಿಭಾಗದಲ್ಲೇ ಇಟ್ಟರು. ವಾರಕ್ಕೊಮ್ಮೆ ಮೂರರಿಂದ ಐದು ನಿಮಿಷ, ತಿಂಗಳಿಗೊಮ್ಮೆ ನಲವತ್ತು ನಿಮಿಷದ ಅಭ್ಯಾಸ. ಅಷ್ಟೇ. ಹುಟ್ಟಿದ ಮೊದಲ ದಿನದೊಳಗೆ ಸಾಯುವ ಕೂಸುಗಳು ಸಾವಿರಕ್ಕೆ 11.1 ಇದ್ದದ್ದು 7.2ಕ್ಕೆ ಇಳಿಯಿತು. 2015ರಲ್ಲಿ ಅದೂ ಪ್ರಕಟವಾಯಿತು.

ಮೈಸೂರು ಕಡೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಾರೆ. ಅಟ್ಟದಿಂದ ಪೆಟ್ಟಿಗೆ ಇಳಿಸಿ, ಹಳೆ ಪಂಚೆಯ ಸುತ್ತು ಬಿಚ್ಚಿ, ಒರೆಸಿ, ಮೆಟ್ಟಿಲ ಮೇಲೆ ಜೋಡಿಸಿ ಆರತಿ ಎತ್ತಿ ಮತ್ತೆ ಅಟ್ಟಕ್ಕೆ. ಕೆಲವು ನರ್ಸಿಂಗ್ ಕಾಲೇಜುಗಳಲ್ಲೂ ಹೀಗೆಯೇ. ಲಕ್ಷಗಟ್ಟಲೆ ಕೊಟ್ಟು ತಂದ ಗೊಂಬೆ ಪ್ಲಾಸ್ಟಿಕ್ ಹೊದಿಕೆಯಡಿ ಮಲಗಿರುತ್ತದೆ. ಕಂಪನಿಯವರು ಅಂಟಿಸಿದ ಸ್ಟಿಕ್ಕರ್ ಕೂಡ ಕಿತ್ತಿರುವುದಿಲ್ಲ. ಇನ್‌ಸ್ಪೆಕ್ಷನ್ನಿನ ದಿನ ಹೊದಿಕೆ ತೆಗೆಯುತ್ತಾರೆ, ಹೂದಾನಿ ಇಡುತ್ತಾರೆ. ಸಂಜೆ ಮತ್ತೆ ಬೀಗ. ಬೀಗ ಹಾಕುವವರು ಕೆಟ್ಟವರಲ್ಲ. ಗೊಂಬೆಯ ತೋಳು ಹರಿದರೆ ಸ್ಟಾಕ್ ರಿಜಿಸ್ಟರಿನಲ್ಲಿ ಯಾರ ಹೆಸರಿಗೆ ಬರೆಯಬೇಕು ಎಂಬ ಪ್ರಶ್ನೆ ಬರುತ್ತದೆ. ಟ್ಯೂಟರಿನ ಸಂಬಳದಿಂದ ಹಿಡಿಯುತ್ತಾರೋ, ಹುಡುಗಿಯರ ಡಿಪಾಸಿಟ್ಟಿನಿಂದಲೋ? ಅದಕ್ಕಿಂತ ಕಿತ್ತಳೆ ಹಣ್ಣೇ ವಾಸಿ ಎಂದು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಪಕ್ಕದ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಅಜ್ಜಿಯ ತೋಳಿಗೆ ಯಾವ ರಿಜಿಸ್ಟರೂ ಇಲ್ಲ.

ಚೆನ್ನಾಗಿ ನಡೆಯುವ ಕಲಿಕಾ ಕೋಣೆಯನ್ನು ಗುರುತಿಸುವುದು ಕಷ್ಟವಲ್ಲ. ಅಲ್ಲಿನ ಗೊಂಬೆಗಳು ನೋಡಲು ಚೆಂದವಿರುವುದಿಲ್ಲ. ಮೊಣಕೈಯ ಮಡಿಕೆಯಲ್ಲಿ ರಬ್ಬರ್ ಚರ್ಮ ಜರಡಿಯಾಗಿರುತ್ತದೆ, ಕೆಂಪು ನೀರು ಒಸರುತ್ತಿರುತ್ತದೆ. ಪ್ಲಾಸ್ಟರಿನ ಅಂಟು ಕಪ್ಪಗೆ ಮೆತ್ತಿರುತ್ತದೆ. ಎದೆಯ ಸ್ಪ್ರಿಂಗು ಒತ್ತಿದಾಗಲೆಲ್ಲ ಕಿರ್ ಎನ್ನುತ್ತದೆ. ಸಿಂಕಿನ ಪಕ್ಕ, ನೀರು ಬಸಿಯಲೆಂದು ತಲೆಕೆಳಗಾಗಿ ತೂಗುಹಾಕಿದ ಕೂಸುಗಳು. ಅವುಗಳ ಕೆಳಗೆ ಒಂದು ಬಕೆಟ್ಟು, ಬಕೆಟ್ಟಿನ ಪಕ್ಕದಲ್ಲಿ ಮುಂದಿನ ಬ್ಯಾಚಿನವರು ಬಿಟ್ಟ ಚಪ್ಪಲಿಗಳ ಸಾಲು.